ಮಲೆನಾಡಿನ ತೋಟದ ಮನೆಗೆ ಮರದ ಡೆಕ್

ಸಕಲೇಶಪುರ, ಕೊಪ್ಪ, ಸೋಮವಾರಪೇಟೆ ಕಡೆಯ ಮಳೆಗೆ ಡೆಕ್ (ಮನೆಯ ಪಕ್ಕ ಹಲಗೆ ಹಾಸಿದ ಎತ್ತರದ ಬಯಲು ಕಟ್ಟೆ) ಕೊಳೆಯಲು ಶುರುವಾಗುವುದು ನೀರು ನಿಂತು ಒಣಗದ ಸಂದಿಗಳಲ್ಲಿ: ಹಲಗೆ ತೊಲೆಯ ಮೇಲೆ ಕೂರುವ ಕಡೆ, ತೊಲೆ ಗೋಡೆಗೆ ತಾಗುವ ಕಡೆ. ಹಾಗಾಗಿ ಖರ್ಚೂ ಗಮನವೂ ಹಲಗೆಯ ಕೆಳಗಿನ ಅಡಿಗಟ್ಟಿಗೇ ಹೆಚ್ಚು ಹೋಗಲಿ.

ಇಲ್ಲಿನ ಲೆಕ್ಕ ಗೋಡೆಯುದ್ದಕ್ಕೆ 12 ಅಡಿ, ಹೊರಕ್ಕೆ 10 ಅಡಿಯ ಡೆಕ್‌ಗೆ. ಜಗಲಿ ನೆಲದಿಂದ ಎರಡೂಕಾಲು ಅಡಿ ಎತ್ತರವಿದೆ ಎಂದುಕೊಳ್ಳಿ. ಡೆಕ್ ಜಗಲಿಗಿಂತ 2 ಇಂಚು ತಗ್ಗಿರಲಿ, ಎರಚಲು ಒಳಗೆ ನುಗ್ಗುವುದಿಲ್ಲ. ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಮೊದಲ ಮಳೆ ಬಿದ್ದ ಮೇಲೆ ಮರದ ಲೋಡು ತೋಟದ ದಾರಿ ಹತ್ತುವುದಿಲ್ಲ.

ಹಳೆಯ ಮಣ್ಣಿನ ಅಥವಾ ಜಂಬಿಟ್ಟಿಗೆ ಗೋಡೆಗೆ ಬೋಲ್ಟ್ ಹೊಡೆದು ಡೆಕ್ ನೇತುಹಾಕಬೇಡಿ. ಬೋಲ್ಟ್ ಹಿಡಿಯುವುದಿಲ್ಲ, ಆ ರಂಧ್ರದಿಂದಲೇ ಗೋಡೆಗೆ ನೀರಿಳಿಯುತ್ತದೆ. ಡೆಕ್ ತನ್ನ ಕಾಲ ಮೇಲೆ ತಾನು ನಿಲ್ಲಲಿ, ಗೋಡೆಗೂ ಅದಕ್ಕೂ 1 ಇಂಚು ಸಂದಿಯಿರಲಿ.

ಗುಂಡಿ ಆರು, ಸಾಲಿಗೆ ಮೂರು. ಮೊದಲ ಸಾಲಿನ ಮಧ್ಯ ಗೋಡೆಯಿಂದ ಒಂದೂವರೆ ಅಡಿಗೆ, ಎರಡನೆಯದು 9 ಅಡಿಗೆ. ಸಾಲಿನಲ್ಲಿ 5 ಅಡಿಗೊಂದು. ಮೂಲೆಯ ಗುಂಡಿಯ ಮಧ್ಯದಿಂದ ಎದುರು ಮೂಲೆಯ ಗುಂಡಿಯ ಮಧ್ಯಕ್ಕೆ ಎರಡೂ ಕಡೆ 12 ಅಡಿ 6 ಇಂಚು ಬಂದರೆ ಮೂಲೆಮಟ್ಟ ಬೇಕಿಲ್ಲ, ಮೂಲೆಗಳು ಸರಿಯಿವೆ. ಗುಂಡಿ 18 ಇಂಚು ಚೌಕ, 2 ಅಡಿ ಆಳ. ತಳಕ್ಕೆ 6 ಇಂಚು ಜಲ್ಲಿ ಹಾಕಿ ದಮ್ಮಸು ಮಾಡಿ, ಮೇಲೆ 1:2:4 ಕಾಂಕ್ರೀಟ್ (ಸಿಮೆಂಟ್ ಒಂದು, ಮರಳು ಎರಡು, ಜಲ್ಲಿ ನಾಲ್ಕು ಪಾಲು). ಅದರ ಮೇಲೆ 9 ಇಂಚು ಚೌಕದ, ಸುಮಾರು 1 ಅಡಿ ಎತ್ತರದ ಕಂಬ, ಒಳಗೆ ನಾಲ್ಕು 8 ಎಂಎಂ ಸರಳು. ಎಲ್ಲ ಕಂಬದ ತಲೆಯನ್ನೂ ನೀರು ತುಂಬಿದ ಲೆವೆಲ್ ಪೈಪಿನಿಂದ ಒಂದೇ ಮಟ್ಟಕ್ಕೆ ತನ್ನಿ. ಒಟ್ಟು 5 ಚೀಲ ಸಿಮೆಂಟ್, 11 ಘನ ಅಡಿ ಮರಳು, 28 ಘನ ಅಡಿ ಜಲ್ಲಿ ಸಾಕು. ಗೋಣಿತಾಟು ಹೊದಿಸಿ ಒಂದು ವಾರ ನೀರುಣಿಸಿ.

ಕಂಬದ ತಲೆಗೆ 6 ಎಂಎಂ ತಗಡಿನ 'ಯು' ಆಕಾರದ ಬ್ರಾಕೆಟ್ ಹೂಳಿ. ತೊಲೆ ಕಾಂಕ್ರೀಟಿಗೆ ತಾಗದೆ 1 ಇಂಚು ಮೇಲೆ ಕೂರಬೇಕು. ಗೆದ್ದಲು ಹತ್ತಿದರೂ ಅದರ ಮಣ್ಣಿನ ಗೆರೆ ಕಂಬದ ಮೇಲೆ ಕಣ್ಣಿಗೆ ಬೀಳುತ್ತದೆ. ಡೆಕ್‌ನ ಅಡಿಯನ್ನು ಯಾವತ್ತೂ ಮುಚ್ಚಬೇಡಿ, ಸೌದೆ ಪೇರಿಸಲೂಬೇಡಿ.

ಮರ: 4×6 ಇಂಚಿನ ತೊಲೆ 12 ಅಡಿಯದ್ದು ಎರಡು, ಅಡ್ಡತೊಲೆ 2×5 ಇಂಚು, 10 ಅಡಿಯದ್ದು ಹತ್ತು, 16 ಇಂಚಿಗೊಂದರಂತೆ, ಅವುಗಳ ತುದಿ ಮುಚ್ಚಲು ಅದೇ ಅಳತೆಯ 12 ಅಡಿಯದ್ದು ಎರಡು, ಹಲಗೆ 4 ಇಂಚು ಅಗಲ, ಒಂದೂಕಾಲು ಇಂಚು ದಪ್ಪ, 12 ಅಡಿಯದ್ದು 32. ಎಲ್ಲ ಸೇರಿ 26 ಘನ ಅಡಿ, ಸೀಳುವ ನಷ್ಟಕ್ಕೆ 28 ಹೇಳಿ. ಕಿರಾಲ್‌ಬೋಗಿ, ಹೊನ್ನೆ ಒಳ್ಳೆಯದು. ಮತ್ತಿ ಗಟ್ಟಿ, ಆದರೆ ಒಣಗುವಾಗ ಸೀಳುತ್ತದೆ. ಸಿಲ್ವರ್ ಓಕ್ ತೋಟದಲ್ಲೇ ಸಿಗುತ್ತದೆಂಬ ಆಸೆಗೆ ಬೀಳಬೇಡಿ, ಬಯಲಿನಲ್ಲಿ ಅದು ಬೇಗ ಕೊಳೆಯುತ್ತದೆ. ಯಾವ ಮರವಾದರೂ ಚೇಗೇ (ಒಳಗಿನ ಗಟ್ಟಿ ತಿರುಳೇ) ಬೇಕು, ಹೊರಗಿನ ಬಿಳಿಭಾಗ ಹುಳುವಿನ ಪಾಲು.

ಜೋಡಿಸುವ ಮೊದಲೇ ತೊಲೆಗಳಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೈ ಬಳಿಯಿರಿ. ಅದು ಚರ್ಮ ಸುಡುತ್ತದೆ, ಕೈಗವಸು ಬೇಕು. ಕಾಲಿಡುವ ಹಲಗೆಗೆ ಬೇಡವೇ ಬೇಡ. ಪ್ರತಿ ಅಡ್ಡತೊಲೆಯ ನೆತ್ತಿಗೆ ಟಾರ್ ಶೀಟಿನ ಪಟ್ಟಿ ಹಾಸಿ, ತೊಲೆಗಿಂತ ಅರ್ಧ ಇಂಚು ಆಚೀಚೆ ಇಳಿಬೀಳುವಷ್ಟು ಅಗಲ. ಸ್ಕ್ರೂ ತೂತಿಗೆ ನೀರಿಳಿಯುವುದನ್ನು ತಡೆಯುವುದು ಇದೊಂದೇ.

ಒಣಗಿದ ಹಲಗೆಯಾದರೆ ನಡುವೆ 6 ಎಂಎಂ ಬಿಡಿ. 6 ಎಂಎಂ ಸರಳಿನ ತುಂಡನ್ನೇ ಸಂದಿಗಿಟ್ಟು ಹೊಡೆದರೆ ಅಳತೆ ತಪ್ಪುವುದಿಲ್ಲ. ಸಂದಿ ಕಡಿಮೆಯಾದರೆ ಜುಲೈನಲ್ಲಿ ಹಲಗೆ ಉಬ್ಬಿ ಒಂದನ್ನೊಂದು ಮೇಲೆತ್ತುತ್ತವೆ. ಮಿಲ್ಲಿನಿಂದ ಹಸಿಯಾಗಿಯೇ ಬಂದಿದ್ದರೆ 3 ಎಂಎಂ ಸಾಕು, ಅದು ಕುಗ್ಗುತ್ತದೆ.

ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್, ಎರಡೂವರೆ ಇಂಚು, 10 ನಂಬರ್. ಬೇಕಿರುವುದು 580, ತನ್ನಿ 650. ಮೊದಲು 3.5 ಎಂಎಂ ತೂತು ಕೊರೆದು, ಸ್ಕ್ರೂಗೆ ಸಾಬೂನು ಸವರಿ ಬಿಗಿಯಿರಿ. ಇಲ್ಲವಾದರೆ ತಲೆ ಮುರಿದು ಕೈಗೆ ಬರುತ್ತದೆ. ಕಬ್ಬಿಣದ ಮೊಳೆ ಮರದ ಒಗರಿಗೆ ತಾಗಿ ಕಪ್ಪು ಕಲೆ ಬಿಡುತ್ತದೆ. ಕರೆಂಟ್ ನಂಬುವಂತಿಲ್ಲ, ಬ್ಯಾಟರಿ ಡ್ರಿಲ್‌ಗೆ ಎರಡು ಬ್ಯಾಟರಿ ಇರಲಿ.

ವಾರ್ನಿಷ್ ಬೇಡ, ಒಂದೇ ಮಳೆಗಾಲಕ್ಕೆ ಪೊರೆ ಬಿಡುತ್ತದೆ. ಹೊರಾಂಗಣದ ಡೆಕ್ ಎಣ್ಣೆಯನ್ನು ವರ್ಷಕ್ಕೊಮ್ಮೆ, ಮರ ಪೂರ್ತಿ ಒಣಗಿದ ಫೆಬ್ರುವರಿಯಲ್ಲಿ ಬಳಿಯಿರಿ. ಪಾಚಿ ಕಟ್ಟೇ ಕಟ್ಟುತ್ತದೆ. ಗಡುಸು ಬ್ರಷ್ಷಿನಿಂದ ಹಲಗೆಯ ಉದ್ದಕ್ಕೆ ತಿಕ್ಕಿ. ಡೆಕ್ ಎತ್ತರದಲ್ಲಿದೆಯೆಂದು ಇಂಬಳ (ಜಿಗಣೆ) ಬಾರದಿರುವುದಿಲ್ಲ, ಮೆಟ್ಟಿಲ ಬುಡದಲ್ಲಿ ಹುಲ್ಲು ಸವರುತ್ತಿರಿ. ಗೋಡೆಯ ಪಕ್ಕದ ಸಂದಿಯಲ್ಲಿ ಸೇರುವ ತರಗೆಲೆಯನ್ನು ಮೇ ಕೊನೆಗೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಕೋಲಿನಿಂದ ಕೆದಕಿ ತೆಗೆಯಿರಿ.