ಬಿಸಿಲಿಗೆ ಆಗದ ಚರ್ಮ: ನಾನು ನೋಡುವ ಕ್ರಮ

"ಬಿಸಲಾಗ ಹೋದ್ರ ಮುಖ ಉರೀತೈತ್ರಿ ಡಾಕ್ಟ್ರ" ಎಂದು ಬಂದವರಲ್ಲಿ ನಾನು ಮೊದಲು ಹುಡುಕುವುದು ಏನೂ ಆಗದೆ ಉಳಿದ ಜಾಗವನ್ನು. ಮೇಲಿನ ರೆಪ್ಪೆ, ಗದ್ದದ ಕೆಳಗೆ, ಕಿವಿಯ ಹಿಂದೆ, ಕತ್ತಿನ ಮಡಿಕೆಯ ಒಳಗೆ: ಈ ನಾಲ್ಕು ಕಡೆ ಬಿಸಿಲು ನೇರವಾಗಿ ಬೀಳುವುದಿಲ್ಲ. ಇವು ಚೆನ್ನಾಗಿದ್ದು ಹಣೆ, ಮೂಗು, ಕೆನ್ನೆಯ ಉಬ್ಬು, ಮುಂಗೈನ ಹೊರಮೈ ಮಾತ್ರ ಕೆಂಪಾಗಿದ್ದರೆ ಬೆಳಕಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಕೈಗಡಿಯಾರ, ಬಳೆ ಸರಿಸಿ ನೋಡುತ್ತೇನೆ. ಹೆಂಗಸರಲ್ಲಿ ಕುಪ್ಪಸದ ಬೆನ್ನಿನ ಅಂಚು ಗೆರೆ ಎಳೆದಂತೆ ಗಡಿ ತೋರಿಸುತ್ತದೆ.

ರೆಪ್ಪೆ ಊದಿ, ಕಿವಿಯ ಹಿಂದೆ ಮತ್ತು ಮೊಣಕೈ ಮಡಿಕೆಯಲ್ಲೂ ತುರಿಕೆ ಇದ್ದರೆ ಅದು ಗಾಳಿಯಲ್ಲಿ ಬಂದು ಕೂತ ವಸ್ತುವಿನ ಕೆಲಸ. ನಮ್ಮ ಹೊಲಗಳ ಮಟ್ಟಿಗೆ ಮೊದಲ ಅನುಮಾನ ಕಾಂಗ್ರೆಸ್ ಕಸದ ಮೇಲೆ, ಅಂದರೆ ಪಾರ್ಥೇನಿಯಂ. ಅದರ ಪಾರ್ಥೆನಿನ್ ಎಂಬ ರಾಸಾಯನಿಕಕ್ಕೆ ಅಲರ್ಜಿ ಹುಟ್ಟುತ್ತದೆ. ತೊಡಕು ಏನೆಂದರೆ, ಮೊದಮೊದಲು ಗಿಡ ಬೆಳೆಯುವ ಕಾಲದಲ್ಲಷ್ಟೇ ಕಾಡಿದ್ದು ಕೆಲವರಲ್ಲಿ ವರ್ಷಗಳ ಮೇಲೆ ಬೆಳಕಿನ ಅಲರ್ಜಿಯಾಗಿಯೇ ತಿರುಗುತ್ತದೆ. ಹಣೆಯ ಚರ್ಮ ತೊಗಲಿನಂತೆ ದಪ್ಪವಾಗಿ ಗೀರು ಬೀಳುತ್ತದೆ. ಆ ಹಂತದಲ್ಲಿ ಊರು ಬಿಟ್ಟು ಹೋದರೂ ಬಿಸಿಲು ಬಿಡುವುದಿಲ್ಲ.

ಖಚಿತಪಡಿಸಲು ಪ್ಯಾಚ್ ಟೆಸ್ಟ್, ಅಂದರೆ ಅನುಮಾನದ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ, ಮಾಡುತ್ತೇನೆ. ಸೋಮವಾರ ಬೆನ್ನಿಗೆ ಪಟ್ಟಿ ಅಂಟಿಸಿ, ಬುಧವಾರ ತೆಗೆದು ಒಮ್ಮೆ, ಶುಕ್ರವಾರ ಇನ್ನೊಮ್ಮೆ ಓದುತ್ತೇನೆ. ಬುಧವಾರಕ್ಕೇ ಮುಗಿಸಿದರೆ ತಡವಾಗಿ ಏಳುವ ಅಲರ್ಜಿ ತಪ್ಪಿಹೋಗುತ್ತದೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ಹಾಗಾಗಿ ಏಪ್ರಿಲ್-ಮೇ ತಿಂಗಳಲ್ಲಿ ಮುಂದೂಡುತ್ತೇನೆ, ಪಟ್ಟಿ ಕಳಚಿ ಬೀಳುತ್ತದೆ. ಅದಕ್ಕೂ ಮುಂಚೆ ಒಂದು ವಾರ ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿರಬಾರದು. ಹಸಿ ಎಲೆ ಜಜ್ಜಿ ಅಂಟಿಸುವುದು ಬೇಡವೇ ಬೇಡ: ಅಲರ್ಜಿ ಇಲ್ಲದವನಿಗೂ ಅಲರ್ಜಿ ಹುಟ್ಟಿಸಿದಂತಾಗುತ್ತದೆ. ಪಾಸಿಟಿವ್ ಬಂದವರಿಗೆ ಹೇಳುವುದು ಇಷ್ಟು: ಗಿಡ ನೀವು ಕೀಳಬೇಡಿ, ಒಣಗಿದ್ದನ್ನೂ ಗುಡಿಸಬೇಡಿ, ಪುಡಿಯಲ್ಲೂ ಪಾರ್ಥೆನಿನ್ ಉಳಿದಿರುತ್ತದೆ. ಸೇವಂತಿಗೆ, ಸೂರ್ಯಕಾಂತಿ ಅದೇ ಕುಟುಂಬದವು, ಕೆಲವರಿಗೆ ಅವೂ ಆಗುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಬೇಕಾದವರಿಗೆ ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ ನೋಡದೆ ಶುರು ಮಾಡುವುದಿಲ್ಲ. ಶುರುವಾದ ಮೇಲೂ ಎಣಿಕೆ ಮತ್ತೆ ಮತ್ತೆ ಮಾಡಿಸುತ್ತೇನೆ.

ಜಾಗ ನೋಡಿಯಾದ ಮೇಲೆ ಹೊತ್ತು ಕೇಳುತ್ತೇನೆ. ಬಿಸಿಲಿಗೆ ಬಂದ ಕೆಲವೇ ನಿಮಿಷಕ್ಕೆ ಗಂದೆ ಎದ್ದು, ನೆರಳಿಗೆ ಬಂದ ಮೇಲೆ ಅದೇ ದಿನ ಇಳಿದರೆ ಸೋಲಾರ್ ಅರ್ಟಿಕೇರಿಯಾ. ಕೆಲವು ಗಂಟೆಗಳ ಮೇಲೆ ತೋಳಿನಲ್ಲಿ ಸಣ್ಣ ತುರಿಕೆಯ ಗುಳ್ಳೆ ಎದ್ದು ಕೆಲವು ದಿನ ಇದ್ದು ಹೋದರೆ ಪಾಲಿಮಾರ್ಫಸ್ ಲೈಟ್ ಎರಪ್ಷನ್, ನೋಡಿ ಹೆದರುವಂಥದ್ದಲ್ಲ. ದಿನಗಳು ಕಳೆದ ಮೇಲೆ ಕಾಣಿಸಿ ವಾರಗಟ್ಟಲೆ ಉಳಿದರೆ ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಅಂಗಗಳ ಮೇಲೇ ತಿರುಗುವ ಕಾಯಿಲೆ) ನೆನಪಾಗಬೇಕು. ಕೀಲುನೋವು, ಬಾಯಿಹುಣ್ಣು, ಕೂದಲು ಉದುರುವುದು ಕೇಳಿ, ಎಎನ್‌ಎ ಎಂಬ ರಕ್ತಪರೀಕ್ಷೆಯ ಜೊತೆಗೆ ಮೂತ್ರದ ಪ್ರೋಟೀನನ್ನೂ ಬರೆಯುತ್ತೇನೆ. ಕಿಡ್ನಿಗೆ ಪೆಟ್ಟು ಬಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ.

ಮಗು ಬಿಸಿಲಲ್ಲಿ ನಿಂತ ನಿಮಿಷಗಳಲ್ಲೇ ಅಳುತ್ತ ತಣ್ಣೀರಿಗೆ ಕೈ ಅದ್ದುತ್ತದೆ, ಚರ್ಮದ ಮೇಲೆ ಏನೂ ಕಾಣುವುದಿಲ್ಲ, ಮನೆಯವರು ಹಟ ಅಂದುಕೊಳ್ಳುತ್ತಾರೆ. ಇದು ಪ್ರೋಟೋಪಾರ್ಫೈರಿಯಾ ಇರಬಹುದು, ಅಂದರೆ ಪ್ರೋಟೋಪಾರ್ಫಿರಿನ್ ಎಂಬ ವಸ್ತು ರಕ್ತದಲ್ಲಿ ಹೆಚ್ಚಾಗಿ ಬೆಳಕಿಗೆ ನೋವು ಕೊಡುವ ಕಾಯಿಲೆ. ಪ್ರೋಟೋಪಾರ್ಫಿರಿನ್ ಪರೀಕ್ಷೆಗೆ ರಕ್ತ ತೆಗೆದ ಕೂಡಲೇ ಟ್ಯೂಬಿಗೆ ಅಲ್ಯೂಮಿನಿಯಂ ಹಾಳೆ ಸುತ್ತಬೇಕು, ಬೆಳಕು ಬಿದ್ದರೆ ಅದು ಒಡೆದು ವರದಿ ತಪ್ಪಾಗುತ್ತದೆ. ಇವರನ್ನು ಕಾಡುವುದು 400 ನ್ಯಾನೋಮೀಟರ್ ಆಸುಪಾಸಿನ ಕಣ್ಣಿಗೆ ಕಾಣುವ ಬೆಳಕು. ಕಿಟಕಿ ಗಾಜು ತಡೆಯದು, ಬಣ್ಣವಿಲ್ಲದ ಸನ್‌ಸ್ಕ್ರೀನ್ ಎಸ್‌ಪಿಎಫ್ 50 ಇದ್ದರೂ ಸಾಲದು; ಐರನ್ ಆಕ್ಸೈಡ್ ಇರುವ ಚರ್ಮದ ಬಣ್ಣದ್ದು ಬೇಕು.

ಮಾತ್ರೆಗಳನ್ನೆಲ್ಲ ಚೀಲದ ಸಮೇತ ತರಿಸುತ್ತೇನೆ, ಚರ್ಮ ಬಿಸಿಲಿಗೆ ಕೆರಳುವಂತೆ ಮಾಡುವ ಔಷಧಗಳಿವೆ: ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಡಾಕ್ಸಿಸೈಕ್ಲಿನ್ (ಉಗುರು ಎದ್ದು ಬರುವುದೂ ಉಂಟು), ನೋವಿನ ಕೀಟೋಪ್ರೊಫೆನ್ ಜೆಲ್, ಹೃದಯದ ಅಮಿಯೋಡರೋನ್. ಮಾತ್ರೆ ತಾವೇ ನಿಲ್ಲಿಸದೆ ಬರೆದುಕೊಟ್ಟವರ ಹತ್ತಿರ ಬದಲಿಸಿಕೊಳ್ಳಬೇಕು. ಬಿಳಿ ಮಚ್ಚೆಗೆಂದು ಬಾವಂಚಿ ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂತು ಬೊಬ್ಬೆ ಎದ್ದದ್ದು, ಬೆಳ್ಳಗಾಗಲು ತಿಂಗಳುಗಟ್ಟಲೆ ಸ್ಟೀರಾಯ್ಡ್ ಕ್ರೀಮ್ ಸವರಿ ಮುಖ ಸುಲಿದದ್ದು, ಇವೆರಡನ್ನೂ ಕೇಳದ ಹೊರತು ಯಾರೂ ಹೇಳುವುದಿಲ್ಲ.

ತಪ್ಪಿಸಬಾರದ ಒಂದಿದೆ, ಪೆಲಾಗ್ರಾ. ಬರೀ ಜೋಳದ ರೊಟ್ಟಿಯ ಊಟ, ಹೆಂಡದ ಚಟ, ಟಿಬಿಗೆ ಐಸೋನಯಾಜಿಡ್: ಇವುಗಳಲ್ಲಿ ಯಾವುದರಿಂದಲೂ ನಯಾಸಿನ್ ಎಂಬ ಬಿ ವಿಟಮಿನ್ನಿನ ಕೊರತೆಯಾಗಿ ಇದು ಬರಬಹುದು. ಎರಡೂ ಕೈಗೆ ಕೈಗವಸು ತೊಟ್ಟಂತೆ, ಕತ್ತಿಗೆ ಸರ ಹಾಕಿದಂತೆ ಅಂಚು ಗೀರಿದ ಕಪ್ಪು ಪಟ್ಟೆ. ಜೊತೆಗೆ ಭೇದಿ, ಮರೆವು. ಇದಕ್ಕೆ ಸನ್‌ಸ್ಕ್ರೀನ್ ಬರೆದು ಕಳಿಸಿದರೆ ಜೀವಕ್ಕೇ ಅಪಾಯ. ಕೊಡಬೇಕಾದ್ದು ನಯಾಸಿನ್‌ನ ಒಂದು ರೂಪವಾದ ನಿಕೋಟಿನಮೈಡ್, ದಿನಕ್ಕೆ 300 ಮಿಲಿಗ್ರಾಂ, ಮೂರು ಸಲಕ್ಕೆ ಹಂಚಿ, 3–4 ವಾರ, ಜೊತೆಗೆ ಬಿ ಕಾಂಪ್ಲೆಕ್ಸ್. ಬದಲಿಗೆ ಅದರ ಇನ್ನೊಂದು ರೂಪವಾದ ನಿಕೋಟಿನಿಕ್ ಆಸಿಡ್ ಕೊಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ.

ಸನ್‌ಸ್ಕ್ರೀನ್ ಪರೀಕ್ಷೆಗೆ ಒಳಗಾಗುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ. ಅದಕ್ಕೆ ಹತ್ತಿರ ಬರಲು ಮುಖ ಮತ್ತು ಕತ್ತಿಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. 50 ಗ್ರಾಂ ಟ್ಯೂಬ್ ಮೂರು ತಿಂಗಳು ಬಂತೆಂದರೆ ಹಚ್ಚಿಲ್ಲ ಎಂದೇ ಅರ್ಥ. ಹೊಲದಲ್ಲಿ ದುಡಿಯುವವರಿಗೆ ಆ ಖರ್ಚು ಹೊರೆ, ಅವರಿಗೆ ಬಟ್ಟೆಯನ್ನೇ ಬರೆಯುತ್ತೇನೆ: ಒತ್ತಾಗಿ ನೇಯ್ದ ಗಾಢ ಬಣ್ಣದ ತುಂಬುತೋಳಿನ ಅಂಗಿ, ಕಿವಿ ಮತ್ತು ಹೆಗ್ಗತ್ತು ಮುಚ್ಚುವ ಟವೆಲ್. ತೆಳು ಬಿಳಿ ಹತ್ತಿ ಬೆವರಿಗೆ ಒದ್ದೆಯಾದರೆ ಕಿರಣ ಇನ್ನಷ್ಟು ಒಳಗೆ ಬರುತ್ತದೆ. ಬಸ್ಸಿನ ಕಿಟಕಿ ಗಾಜು ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿಬಿ ತಡೆದರೂ ಯುವಿಎ ಬಿಡುತ್ತದೆ, ಆದ್ದರಿಂದ ನೆರಳಿನ ಬದಿ ಕೂರಿ ಎನ್ನುತ್ತೇನೆ. ಹೀಗೆ ತಿಂಗಳುಗಟ್ಟಲೆ ಬಿಸಿಲು ತಪ್ಪಿಸಿದವರಿಗೆ ವಿಟಮಿನ್ ಡಿ ಪರೀಕ್ಷೆ ಮಾಡಿಸುತ್ತೇನೆ.