ಎಚ್‌ಐವಿ ಇರುವವರು ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸುವುದು ಹೇಗೆ?

ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಕ್ಕೆ ವರ್ಷಗಟ್ಟಲೆ ಓಡಾಡಿದವರಿಗೆ ರಕ್ತ ಕೊಡುವುದು ಹೊಸದೇನಲ್ಲ. ಸಿಡಿ4 (ರೋಗ ತಡೆಯುವ ಜೀವಕೋಶಗಳ ಎಣಿಕೆ) ಅಂತ ಒಮ್ಮೆ, ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ) ಅಂತ ಒಮ್ಮೆ, ಲಿವರ್ ನೋಡೋಣ ಅಂತ ಇನ್ನೊಮ್ಮೆ. ಇಷ್ಟೆಲ್ಲ ತೆಗೆದುಕೊಂಡ ಮೇಲೆ ಲಿವರಿಗೆ ತಗುಲುವ ವೈರಸ್ ಹೆಪಟೈಟಿಸ್ ಸಿ ಕೂಡ ನೋಡಿಯೇ ಇರುತ್ತಾರೆ ಬಿಡಿ ಅಂದುಕೊಳ್ಳುವವರೇ ಜಾಸ್ತಿ. ಎಡವಟ್ಟಾಗುವುದು ಅಲ್ಲೇ. ಹೆಪಟೈಟಿಸ್ ಸಿ ಪರೀಕ್ಷೆಯೇ ಬೇರೆ, ಅದನ್ನು ಬೇರೆಯಾಗಿ ಬರೆಯಬೇಕು. ವೈರಲ್ ಲೋಡ್ ರಿಪೋರ್ಟಿನಲ್ಲಿ ವೈರಸ್ ಕಂಡಿಲ್ಲ ಅಂತ ಬಂದಿದ್ದರೆ ಅದು ಎಚ್‌ಐವಿ ವಿಷಯ ಮಾತ್ರ.

ಎರಡೂ ವೈರಸ್ ರಕ್ತದ ಮೂಲಕ ಹರಡುತ್ತವೆ, ಹಾಗಾಗಿ ಒಬ್ಬರಿಗೇ ಎರಡೂ ಇರುವುದು ಅಪರೂಪವೇನಲ್ಲ. ಜಗತ್ತಿನಲ್ಲಿ ಸುಮಾರು 23 ಲಕ್ಷ ಜನರಿಗೆ ಹೀಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರು. ನಮ್ಮ ದೇಶದಲ್ಲಿ ಮಣಿಪುರದಂಥ ಕಡೆ ಇದು ದೊಡ್ಡ ತಲೆನೋವು. ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚಾಗಿ ಹರಡಿದ್ದು ಲೈಂಗಿಕ ಸಂಪರ್ಕದಿಂದ, ಆದ್ದರಿಂದ ಇಲ್ಲಿ ಆತಂಕ ಅಷ್ಟಿಲ್ಲ. ಹಾಗಂತ ಕೈಬಿಡುವಂತಿಲ್ಲ. ಎಚ್‌ಐವಿ ಜೊತೆಗಿದ್ದರೆ ಹೆಪಟೈಟಿಸ್ ಸಿ ಲಿವರನ್ನು ಬೇಗ ಹಾಳು ಮಾಡುತ್ತದೆ, ಅದೂ ಸದ್ದಿಲ್ಲದೆ. ಕಾಮಾಲೆ ಆಗಿಯೇ ಇಲ್ಲವಲ್ಲ ಅನ್ನಬೇಡಿ. ಬಹಳಷ್ಟು ಜನರಿಗೆ ಕಣ್ಣು ಹಳದಿಯಾಗುವುದೇ ಇಲ್ಲ.

ಇಷ್ಟು ಒತ್ತಾಯ ಮಾಡುವುದಕ್ಕೆ ಕಾರಣ ಒಂದೇ: ಈ ಕಾಯಿಲೆ ವಾಸಿಯಾಗುತ್ತದೆ. ಎಚ್‌ಐವಿ ಮಾತ್ರೆಯಂತೆ ಜೀವನಪೂರ್ತಿ ನುಂಗಬೇಕಾಗಿಲ್ಲ, ಹೆಚ್ಚಿನವರಿಗೆ 12 ವಾರ ಸಾಕು. 100ರಲ್ಲಿ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ.

ಮೊದಲು ಗ್ರೀನ್ ಬುಕ್ ತೆಗೆಯಿರಿ

ಗ್ರೀನ್ ಬುಕ್ ಅಂದರೆ ಎಆರ್‌ಟಿ ಕೇಂದ್ರದಲ್ಲಿ ಕೊಟ್ಟ ನಿಮ್ಮ ಚಿಕಿತ್ಸೆಯ ಪುಸ್ತಕ. ಅದರ ಜೊತೆ ಹಳೆಯ ರಿಪೋರ್ಟುಗಳನ್ನೂ ಹರಡಿಕೊಂಡು ಕೂತುಕೊಳ್ಳಿ. 'ಆಂಟಿ ಎಚ್‌ಸಿವಿ' ಎಂಬ ಸಾಲು ಎಲ್ಲಾದರೂ ಇದೆಯಾ ನೋಡಿ, ಅದೇ ಹೆಪಟೈಟಿಸ್ ಸಿ ಪರೀಕ್ಷೆ. ಎಚ್‌ಬಿಎಸ್‌ಎಜಿ ಅಂತಿದ್ದರೆ ಅದು ಹೆಪಟೈಟಿಸ್ ಬಿ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಎಆರ್‌ಟಿ ಶುರು ಮಾಡುವಾಗ ಎರಡೂ ನೋಡಬೇಕು ಎಂಬುದು ಈಗಿನ ಪದ್ಧತಿ. ಆದರೆ ಹತ್ತು ಹದಿನೈದು ವರ್ಷದ ಹಿಂದೆ ಮಾತ್ರೆ ಶುರು ಮಾಡಿದವರ ಪುಸ್ತಕದಲ್ಲಿ ಆ ಜಾಗ ಖಾಲಿ ಇರಬಹುದು. ಖಾಲಿ ಇದ್ದರೆ ಮುಂದಿನ ಸಲ ಮಾತ್ರೆ ತರಲು ಹೋದಾಗ ಕೌನ್ಸೆಲರ್ ಹತ್ತಿರ ನೇರವಾಗಿ ಕೇಳಿ: 'ನನಗೆ ಹೆಪಟೈಟಿಸ್ ಸಿ ಟೆಸ್ಟ್ ಆಗಿಲ್ಲ, ಬರೆದುಕೊಡಿ.' ಸಂಕೋಚ ಬೇಡ.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ವಿಚಾರಿಸಿ.

ಕೌನ್ಸೆಲರ್ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಮುಚ್ಚುಮರೆ ಇಲ್ಲದೆ ಹೇಳಿ. ಎಂದಾದರೂ ಸೂಜಿ ಹಂಚಿಕೊಂಡಿದ್ದು, ಡಯಾಲಿಸಿಸ್ ಮಾಡಿಸಿಕೊಂಡಿದ್ದು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದು, ಒಂದೇ ಸಿರಿಂಜನ್ನು ಊರಿಗೆಲ್ಲ ಬಳಸುವ ಡಾಕ್ಟರ ಹತ್ತಿರ ಇಂಜೆಕ್ಷನ್ ತೆಗೆದುಕೊಂಡಿದ್ದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ತುಂಬಾ ಹಿಂದೆ ರಕ್ತ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ, ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾಗಿದ್ದು 2000ದ ದಶಕದ ಶುರುವಿನಲ್ಲಿ. ಗಂಡಸರ ನಡುವಿನ ಲೈಂಗಿಕ ಸಂಪರ್ಕದಿಂದಲೂ ಹರಡಬಹುದು, ಎಚ್‌ಐವಿ ಇದ್ದರಂತೂ ಆ ಸಾಧ್ಯತೆ ಹೆಚ್ಚು. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ ಬರುವುದಿಲ್ಲ. ಬ್ಲೇಡು, ಟೂತ್ ಬ್ರಷ್ ಮಾತ್ರ ಪ್ರತ್ಯೇಕ ಇರಲಿ.

ಬೆರಳ ತುದಿಯ ಹನಿ ರಕ್ತ

ಮೊದಲ ಪರೀಕ್ಷೆ ಸುಲಭ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪುಟ್ಟ ಪ್ಲಾಸ್ಟಿಕ್ ಕಾರ್ಡಿನ ಗುಳಿಗೆ ಹಾಕುತ್ತಾರೆ, ಮೇಲೆ ಎರಡು ಹನಿ ದ್ರಾವಣ ಬಿಡುತ್ತಾರೆ. ಕೆಂಪು ನಿಧಾನವಾಗಿ ಕಿಟಕಿಯಗಲ ಹರಡಿ, ಆಮೇಲೆ ತಿಳಿಯಾಗುತ್ತದೆ. ಸಿ ಎಂದು ಬರೆದ ಕಡೆ ಗೆರೆ ಮೂಡಲೇಬೇಕು, ಮೂಡದಿದ್ದರೆ ಕಾರ್ಡೇ ಕೆಟ್ಟಿದೆ ಎಂದರ್ಥ, ಇನ್ನೊಂದು ಕಾರ್ಡಿನಲ್ಲಿ ಮಾಡಬೇಕು. ಇಲ್ಲಿ ಸಿ ಅಂದರೆ ಹೆಪಟೈಟಿಸ್ ಸಿ ಅಲ್ಲ, ಕಂಟ್ರೋಲ್. ಇದನ್ನು ನೋಡಿ ಗಾಬರಿ ಬೀಳುವವರಿದ್ದಾರೆ! ಟಿ ಕಡೆಯೂ ಗೆರೆ ಬಂದರೆ ಪಾಸಿಟಿವ್, ತೀರಾ ಮಸುಕಾಗಿದ್ದರೂ ಸರಿ. ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ.

ಈ ಕಾರ್ಡು ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ವಿರುದ್ಧ ನಿಮ್ಮ ಮೈ ತಯಾರಿಸಿದ ಆಂಟಿಬಾಡಿಯನ್ನು ಹುಡುಕುತ್ತದೆ. ಎಚ್‌ಐವಿ ಇದ್ದವರಿಗೆ ತೊಡಕಾಗುವುದು ಇಲ್ಲೇ. ಸಿಡಿ4 ತುಂಬಾ ಕಡಿಮೆ ಇದ್ದರೆ, ಅದರಲ್ಲೂ 100ರ ಕೆಳಗಿದ್ದರೆ, ಮೈಗೆ ಆಂಟಿಬಾಡಿ ಮಾಡುವ ಶಕ್ತಿಯೇ ಉಳಿದಿರದೆ, ಒಳಗೆ ವೈರಸ್ ಇದ್ದರೂ ಕಾರ್ಡು ನೆಗೆಟಿವ್ ತೋರಿಸಬಹುದು. ಸೋಂಕು ತಗುಲಿ ಎರಡು ಮೂರು ತಿಂಗಳೊಳಗೆ ಪರೀಕ್ಷೆ ಮಾಡಿಸಿದರೂ ಹೀಗೇ ಆಗಬಹುದು. ಆದ್ದರಿಂದ ಕಾರ್ಡು ನೆಗೆಟಿವ್, ಆದರೆ ಲಿವರ್ ರಿಪೋರ್ಟಿನಲ್ಲಿ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ಏರುವ ಅಂಶ) ಮಾತ್ರ ಕಾರಣವಿಲ್ಲದೆ ಏರಿಕೊಂಡೇ ಇದೆ ಅಂದರೆ ಸುಮ್ನೆ ಬಿಡಬೇಡಿ, ಮುಂದೆ ಹೇಳುವ ಎರಡನೇ ಪರೀಕ್ಷೆಯನ್ನೇ ಕೇಳಿ. ಅಪಾಯದ ಸಂದರ್ಭಗಳು ಇನ್ನೂ ಮುಂದುವರಿದಿದ್ದರೆ ವರ್ಷಕ್ಕೊಮ್ಮೆ ಮರುಪರೀಕ್ಷೆ ಬೇಕು.

ಎರಡನೆಯದು ಮಾಡಿಸದೆ ನಿಲ್ಲಬೇಡಿ

ಕಾರ್ಡು ಪಾಸಿಟಿವ್ ಬಂದರೆ ಕಾಯಿಲೆ ಇದೆ ಎಂದು ಆಗಲೇ ಹೇಳಲು ಬರುವುದಿಲ್ಲ. ಕೆಲವರ ಮೈ ವೈರಸ್ಸನ್ನು ತಾನೇ ಓಡಿಸಿಬಿಟ್ಟಿರುತ್ತದೆ (ಎಚ್‌ಐವಿ ಇದ್ದವರಲ್ಲಿ ಇದು ಕಡಿಮೆ), ಆಂಟಿಬಾಡಿ ಮಾತ್ರ ಉಳಿದಿರುತ್ತದೆ. ವೈರಸ್ ಈಗಲೂ ಇದೆಯಾ ಎಂದು ಹೇಳುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ, ಅಂದರೆ ಹೆಪಟೈಟಿಸ್ ಸಿ ಯ ವೈರಲ್ ಲೋಡ್. ತೋಳಿನಿಂದ ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆಯುತ್ತಾರೆ. ಟಿಬಿಗೆ ಬಳಸುವ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳಲ್ಲೇ ಇದನ್ನೂ ಮಾಡಬಹುದು.

ಜನ ತಪ್ಪಿಸಿಕೊಳ್ಳುವುದು ಈ ಎರಡರ ನಡುವೆಯೇ. ಮತ್ತೊಂದು ದಿನ ರಜೆ ಹಾಕಬೇಕು, ಮತ್ತೆ ಬಸ್ ಚಾರ್ಜು, ಅಷ್ಟರಲ್ಲಿ ಯಾರೋ ಕಾಮಾಲೆಗೆ ನಾಟಿ ಔಷಧಿ ಕೊಡುವವರ ವಿಳಾಸ ಹೇಳಿರುತ್ತಾರೆ. ಕಾರ್ಡು ಪಾಸಿಟಿವ್ ಬಂದ ದಿನವೇ ಎರಡನೆಯದಕ್ಕೂ ರಕ್ತ ತೆಗೆದುಕೊಳ್ಳಿ ಎಂದು ಕೇಳಿ ನೋಡಿ.

ಲಿವರ್ ಎಷ್ಟು ಹಾಳಾಗಿದೆ?

ಆರ್‌ಎನ್‌ಎ ಕಂಡರೆ ಮುಂದಿನದು ಲಿವರಿನ ಲೆಕ್ಕ. ಎಪಿಆರ್‌ಐ ಎಂಬ ಸರಳ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ರಿಪೋರ್ಟಿನಲ್ಲಿ ಎಸ್‌ಜಿಒಟಿ ನೋಡಿ, ಅದನ್ನು ಪಕ್ಕದಲ್ಲಿ ಕೊಟ್ಟ ನಾರ್ಮಲ್ ಮಿತಿಯ ಮೇಲಿನ ಅಂಕಿಯಿಂದ ಭಾಗಿಸಿ, 100ರಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್‌ನಿಂದ ಭಾಗಿಸಿ. ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿರಬೇಕು, 1.5 ಲಕ್ಷ ಅಂತಿದ್ದರೆ 150 ಎಂದು ಹಿಡಿಯಿರಿ. ಎಸ್‌ಜಿಒಟಿ 80, ಮಿತಿ 40 ಆದರೆ 2. ಅದು 200 ಆಯಿತು. 150ರಿಂದ ಭಾಗಿಸಿದರೆ 1.33. ಉತ್ತರ 2 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಇರಬಹುದೆಂಬ ಅನುಮಾನ. ಆದರೆ ಎಚ್‌ಐವಿಯಿಂದಲೇ ಪ್ಲೇಟ್‌ಲೆಟ್ ಇಳಿಯುವುದುಂಟು, ಆಗ ಲೆಕ್ಕ ಸುಮ್ಮನೆ ಮೇಲೆ ಹೋಗುತ್ತದೆ. ಹಾಗಾಗಿ ಕೊನೆಯ ಮಾತು ಡಾಕ್ಟರದ್ದೇ, ಬೇಕಾದರೆ ಅವರು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್ ಬರೆಯುತ್ತಾರೆ.

ಎಲ್ಲ ಮಾತ್ರೆ ಮೇಜಿನ ಮೇಲಿಡಿ

ಹೆಪಟೈಟಿಸ್ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳಲೇಬೇಕು. ಅದನ್ನು ಕಂಡಕಂಡವರಿಗೆ ಹೇಳದಂತೆ 2017ರ ಎಚ್‌ಐವಿ ಕಾಯ್ದೆಯ ರಕ್ಷಣೆ ಇದೆ. ಹೇಳಬೇಕಾದದ್ದು ಮಾತ್ರೆಗಳ ಜಗಳದಿಂದಾಗಿ. ಈಗ ಹೆಚ್ಚಿನವರು ತೆಗೆದುಕೊಳ್ಳುವ ಎಚ್‌ಐವಿ ಮಾತ್ರೆ ಟಿಎಲ್‌ಡಿ ಇದ್ದರೆ ಸಾಮಾನ್ಯವಾಗಿ ಸಮಸ್ಯೆ ಇಲ್ಲ. ಹಳೆಯ ಎಚ್‌ಐವಿ ಮಾತ್ರೆ ಎಫಾವಿರೆಂಜ್ ಇದ್ದರೆ ಹೆಪಟೈಟಿಸ್ ಸಿ ಔಷಧಿ ವೆಲ್ಪಟಾಸ್ವಿರ್ ಕೊಡುವಂತಿಲ್ಲ, ಸಿ ಯ ಇನ್ನೊಂದು ಔಷಧಿ ಡಕ್ಲಟಾಸ್ವಿರ್ ಆದರೆ ಡೋಸ್ 60ರಿಂದ 90 ಮಿಲಿಗ್ರಾಂಗೆ ಏರಿಸಬೇಕು. ಟಿಬಿಯ ರಿಫಾಂಪಿಸಿನ್ ನಡೆಯುತ್ತಿದ್ದರೆ ಇವು ಯಾವುವೂ ಹೊಂದುವುದಿಲ್ಲ, ಸಾಮಾನ್ಯವಾಗಿ ಟಿಬಿ ಚಿಕಿತ್ಸೆ ಮುಗಿಯುವವರೆಗೆ ಕಾಯುತ್ತಾರೆ. ದಿನಾ ಬೆಳಿಗ್ಗೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಮರೆಯದೆ ಹೇಳಿ, ಅದು ವೆಲ್ಪಟಾಸ್ವಿರ್ ಮೈಗೆ ಹತ್ತದಂತೆ ಮಾಡುತ್ತದೆ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದೂ ಸೇರಲಿ.

ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿಲ್ಲದಿದ್ದರೆ ಈಗ ಆಗಲೇಬೇಕು. ಸಿ ಹೋಗುತ್ತಿದ್ದಂತೆ ಅಡಗಿದ್ದ ಬಿ ತಲೆ ಎತ್ತುವುದುಂಟು. ಟಿಎಲ್‌ಡಿಯಲ್ಲಿರುವ ಟೆನೊಫೊವಿರ್ ಬಿ ಯನ್ನೂ ಹಿಡಿತದಲ್ಲಿಡುತ್ತದೆ, ಆದ್ದರಿಂದ ಎಚ್‌ಐವಿ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸುವ ಸಾಹಸ ಬೇಡ. ಬಿ ಇಲ್ಲದಿದ್ದರೆ ಅದರ ಲಸಿಕೆ ಕೇಳಿ. ಸಿ ಗೆ ಲಸಿಕೆ ಇಲ್ಲ.

ತಾಯಿಗೆ ಎರಡೂ ಇದ್ದರೆ ಮಗುವಿಗೆ ಕಾರ್ಡು ಪರೀಕ್ಷೆ 18 ತಿಂಗಳ ಮುಂಚೆ ಬೇಡ, ಅಲ್ಲಿಯವರೆಗೆ ತಾಯಿಯ ಆಂಟಿಬಾಡಿಯೇ ಮಗುವಿನ ರಕ್ತದಲ್ಲಿ ಕಾಣಿಸಬಹುದು.

ಮಾತ್ರೆ ಮುಗಿದ 12 ವಾರಕ್ಕೆ

ಮತ್ತೆ ಆರ್‌ಎನ್‌ಎ ಪರೀಕ್ಷೆ ಇದೆ. ಅದರಲ್ಲಿ ವೈರಸ್ ಕಾಣದಿದ್ದರೆ ವಾಸಿಯಾಗಿದೆ ಎಂದೇ ಲೆಕ್ಕ. ಆದರೆ ಒಮ್ಮೆ ವಾಸಿಯಾದರೆ ಮತ್ತೆ ಬರುವುದಿಲ್ಲ ಅಂತೇನಿಲ್ಲ, ಸೂಜಿ ಹಂಚಿಕೊಂಡರೆ ಮತ್ತೆ ಅಂಟಬಹುದು. ಇನ್ನು ಮೇಲೆ ಕಾರ್ಡು ಪರೀಕ್ಷೆ ನಿಮಗೆ ಉಪಯೋಗವಿಲ್ಲ, ಆಂಟಿಬಾಡಿ ಉಳಿದೇ ಇರುವುದರಿಂದ ಅದು ಪಾಸಿಟಿವ್ ಎಂದೇ ತೋರಿಸುತ್ತದೆ. ಯಾವುದೋ ಆಪರೇಷನ್‌ಗೆ ಹೋದಾಗ ಅಲ್ಲಿಯವರು ಕಾರ್ಡು ಹಾಕಿ ಹೌಹಾರಬಹುದು. ಆಗ ತೋರಿಸಲು ಈ ಕೊನೆಯ ಆರ್‌ಎನ್‌ಎ ರಿಪೋರ್ಟಿನ ಜೆರಾಕ್ಸ್ ಗ್ರೀನ್ ಬುಕ್ ಒಳಗೆ ಇಟ್ಟುಕೊಳ್ಳಿ, ಫೋನಿನಲ್ಲಿ ಒಂದು ಫೋಟೊನೂ ಇರಲಿ.