18 ಕಿಲೋದ ಡೌನ್‌ಹಿಲ್ ಸೈಕಲ್ ಏರು ಹತ್ತಿದ್ದು ಹೇಗೆ

ನನ್ನದು 26 ಇಂಚಿನ ಚಕ್ರದ ಹಳೆಯ ಡೌನ್‌ಹಿಲ್ ಸೈಕಲ್, ಅಂದರೆ ಬೆಟ್ಟ ಇಳಿಯಲೆಂದೇ ಮಾಡಿದ್ದು. ಮುಂದೆ ಚಕ್ರವನ್ನು ಹಿಡಿದು ಹೊಡೆತ ನುಂಗುವ, 200 ಮಿಲಿಮೀಟರ್ ಕುಸಿಯುವ ಫೋರ್ಕ್; ಅದರ ಎರಡು ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿ, ಅಂದರೆ ಕ್ರೌನು, ಎರಡಿವೆ. ಹಿಂದೆ ಹೊಡೆತ ನುಂಗಲು ಉಕ್ಕಿನ ಸ್ಪ್ರಿಂಗಿನ ಶಾಕ್. ಬೆಟ್ಟದ ತುದಿಯವರೆಗೆ ವಾಹನದಲ್ಲಿ ಒಯ್ದು ಅಲ್ಲಿಂದ ಇಳಿಸಿದರೆ ಅದರಷ್ಟು ನಂಬಿಕಸ್ಥ ಸೈಕಲ್ ಇನ್ನೊಂದಿಲ್ಲ. ಆದರೆ ಕೆಲವು ಕಾಲದಿಂದ ನನ್ನ ಸವಾರಿಯ ರೀತಿ ಬದಲಾಗಿತ್ತು. ತುಳಿದೇ ಹತ್ತಬೇಕು, ಆಮೇಲೆ ಇಳಿಯಬೇಕು, ನಡುವೆ ಕಾಡಿನ ಏರುತಗ್ಗುಗಳಲ್ಲಿ ಓಡಾಡಬೇಕು. ಈ ಫ್ರೇಮ್ ನನ್ನ ಮೈಗೆ ಒಗ್ಗಿಹೋಗಿತ್ತು, ಬಿಡಲು ಮನಸ್ಸಾಗಲಿಲ್ಲ. ಇದನ್ನೇ ಹಗುರ ಮಾಡೋಣವೆಂದು ಹೊರಟೆ.

ನೇತುಹಾಕುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿದಾಗ ಬಂದದ್ದು 18.4 ಕಿಲೋ. ಮೊದಲು ಮಾಡಿದ ಕೆಲಸವೇ ತಪ್ಪು: ಅಲ್ಲಲ್ಲಿನ ಉಕ್ಕಿನ ಬೋಲ್ಟುಗಳನ್ನು ತೆಗೆದು ಟೈಟೇನಿಯಂ ಬೋಲ್ಟು ಹಾಕಿದೆ. ಇಪ್ಪತ್ತು ಬೋಲ್ಟು ಬದಲಿಸಿದ ಮೇಲೆ ಇಳಿದದ್ದು 40 ಗ್ರಾಂ. ಆಗ ಸುಮ್ಮನೆ ಕೂತು, ಸೈಕಲನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಸಣ್ಣ ತಕ್ಕಡಿಯಲ್ಲಿಟ್ಟು ತೂಗಿ ಪುಸ್ತಕದಲ್ಲಿ ಬರೆದುಕೊಂಡೆ. ಈ ಕೆಲಸಕ್ಕೆ ಕೈಹಾಕುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಬಿಚ್ಚಿ ತೂಗದೆ ಯಾವ ಭಾಗವನ್ನೂ ಕೊಳ್ಳಬೇಡಿ.

ಬರೆದುಕೊಂಡ ಮೇಲೆ ಇನ್ನೊಂದು ಲೆಕ್ಕ ಹಾಕಿದೆ. ನನ್ನ ತೂಕ 70 ಕಿಲೋ, ಸೈಕಲ್ ಸೇರಿ 88.4. ಸೈಕಲ್ಲಿನಿಂದ ಎರಡೂವರೆ ಕಿಲೋ ತೆಗೆದರೂ ಏರಿನಲ್ಲಿ ಮೇಲಕ್ಕೆತ್ತಬೇಕಾದ ಒಟ್ಟು ಭಾರದಲ್ಲಿ ಕಡಿಮೆಯಾಗುವುದು ನೂರಕ್ಕೆ ಮೂರಕ್ಕಿಂತ ಕಮ್ಮಿ. ಅಂದರೆ ಒಂದು ಗಂಟೆಯ ಏರಿನಲ್ಲಿ ಹೆಚ್ಚೆಂದರೆ ಎರಡು ನಿಮಿಷ ಉಳಿದೀತು. ಆದರೆ ಅದೇ ಏರನ್ನು ಏರಿಗೂ ಇಳಿಜಾರಿಗೂ ಒಗ್ಗುವ ಟ್ರೇಲ್ ಸೈಕಲ್ಲಿನವರು ನನಗಿಂತ ಹದಿನೈದು ನಿಮಿಷ ಮೊದಲೇ ಮುಗಿಸುತ್ತಿದ್ದರು. ಹಾಗಾದರೆ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದದ್ದು ತೂಕ ಒಂದೇ ಅಲ್ಲ. ಯೋಚಿಸಿದಷ್ಟೂ ಮೂರು ಸಂಗತಿ ಸ್ಪಷ್ಟವಾದವು: ನೆಲಕ್ಕೆ ಅಂಟುವ ಟಯರು, ಏರಿಗೆ ಒಗ್ಗದ ಗೇರು, ತುಳಿಯಲು ಬಾರದ ಸೀಟು. ಮುಂದಿನ ಎಲ್ಲ ಕೆಲಸವನ್ನೂ ಈ ಕಣ್ಣಿನಿಂದಲೇ ಮಾಡಿದೆ.

ಮೊದಲು ಟಯರು. ಹಳೆಯವು ಒಂದೊಂದೂ 1250 ಗ್ರಾಂ, ಒಳಗಿನ ದಪ್ಪ ಟ್ಯೂಬು ತಲಾ 390 ಗ್ರಾಂ. ಡೌನ್‌ಹಿಲ್ ಟಯರಿನ ರಬ್ಬರ್ ತೀರಾ ಮೆದು. ಒತ್ತಿದರೆ ತಗ್ಗಿ, ನಿಧಾನವಾಗಿ ಮೇಲೇಳುತ್ತದೆ. ಒದ್ದೆ ಬೇರು, ಬಂಡೆಗಳ ಮೇಲೆ ಬ್ರೇಕ್ ಹಿಡಿದಾಗ ಆ ಗುಣವೇ ಜೀವ ಉಳಿಸುತ್ತದೆ. ಏರಿನಲ್ಲಿ ಮಾತ್ರ ಟಯರಿನ ಮೇಲಿನ ಪ್ರತಿ ಉಬ್ಬು ತಗ್ಗಿ ಏಳುವಾಗಲೂ ನಮ್ಮ ಕಾಲಿನ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಜೊತೆಗೆ ಚಕ್ರದ ಅಂಚಿನಲ್ಲಿರುವ ತೂಕಕ್ಕೆ ಒಂದು ವಿಶೇಷವಿದೆ. ಅದನ್ನು ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಹಾಗಾಗಿ ವೇಗ ಏರಿಸುವಾಗ ಅಂಚಿನ ಒಂದು ಗ್ರಾಂ, ಫ್ರೇಮಿನ ಎರಡು ಗ್ರಾಂಗೆ ಹತ್ತಿರ ಹತ್ತಿರ ಸಮ. ಒಂದೇ ವೇಗದಲ್ಲಿ ಏರು ಹತ್ತುವಾಗ ಈ ವ್ಯತ್ಯಾಸ ಗೊತ್ತಾಗದು. ಕಾಡಿನ ದಾರಿಯಲ್ಲಿ ಒಂದೇ ವೇಗ ಎಲ್ಲಿದೆ? ಪ್ರತಿ ತಿರುವಿನಲ್ಲಿ ನಿಧಾನಿಸಿ ಮತ್ತೆ ತುಳಿಯಲೇಬೇಕು.

ಟ್ಯೂಬು ತೆಗೆದು ಟ್ಯೂಬ್‌ಲೆಸ್ ಮಾಡಿದೆ. ರಿಮ್ಮಿಗೆ ಟೇಪು, ವಾಲ್ವು, ಪ್ರತಿ ಚಕ್ರಕ್ಕೆ ಸುಮಾರು 110 ಮಿಲಿಲೀಟರ್ ಸೀಲೆಂಟು, ಅಂದರೆ ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ. ಎರಡೂ ಚಕ್ರಕ್ಕೆ ಸೇರಿದ್ದು ಒಟ್ಟು 280 ಗ್ರಾಂ. ಮುಂದೆ 900 ಗ್ರಾಂನ ಟ್ರೇಲ್ ಟಯರು. ಹಿಂದಕ್ಕೆ ಆಸೆಪಟ್ಟು 780 ಗ್ರಾಂನ ತೆಳುಗೋಡೆಯದನ್ನು ಹಾಕಿದೆ. ಮೂರನೆಯ ಸವಾರಿಯಲ್ಲೇ ಚೂಪುಗಲ್ಲು ತಾಗಿ ಅದರ ಪಕ್ಕ ನಾಲ್ಕು ಸೆಂಟಿಮೀಟರ್ ಸೀಳಿತು. ಅಷ್ಟು ದೊಡ್ಡ ಗಾಯವನ್ನು ಸೀಲೆಂಟು ಮುಚ್ಚುವುದಿಲ್ಲ. ಹಳೆಯ ಟಯರಿನ ತುಂಡೊಂದನ್ನು ಒಳಗಿನಿಂದ ಆನಿಸಿ, ಟ್ಯೂಬು ಹಾಕಿ ನಿಧಾನವಾಗಿ ಮನೆ ಸೇರಿದೆ. ಆಮೇಲೆ ಹಿಂದಿನ ಚಕ್ರಕ್ಕೆ ಗಟ್ಟಿಗೋಡೆಯ 980 ಗ್ರಾಂನದು ಬಂತು, ಈಗಲೂ ಅದೇ ಇದೆ. ಹಿಂದಿನ ಟಯರಿನಲ್ಲಿ 200 ಗ್ರಾಂ ಉಳಿಸಲು ಹೋಗಬಾರದು, ಸವಾರನ ಭಾರ ಹೆಚ್ಚು ಬೀಳುವುದು ಅದರ ಮೇಲೆ. ಅಂತೂ ಚಕ್ರಗಳಿಂದಲೇ ಹೋದದ್ದು 1.1 ಕಿಲೋ. ಆ ದಿನ ಹತ್ತಿದ ಮೊದಲ ಏರಿನಲ್ಲಿ ಸೈಕಲ್ ಬೇರೆಯದೇ ಅನ್ನಿಸಿತು.

ಗೇರಿನ ಮಾತು. ಮುಂದೆ 38 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 28. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 2.8 ಮೀಟರ್ ಹೋಗುತ್ತಿತ್ತು. ಕಡಿದಾದ ಏರಿನಲ್ಲಿ ಇದು ಮಂಡಿಗೆ ಶಿಕ್ಷೆ. ಮುಂದೆ 30, ಹಿಂದೆ 11ರಿಂದ 42ರ ಹತ್ತು ಗೇರಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿದ ಮೇಲೆ ಅದೇ ಒಂದು ಸುತ್ತಿಗೆ 1.5 ಮೀಟರ್. ಕ್ಯಾಸೆಟ್ಟಿನಿಂದ 190 ಗ್ರಾಂ ಹೆಚ್ಚಾಯಿತು, ನಾನು ಲೆಕ್ಕಿಸಲಿಲ್ಲ. ಚೈನು ಕಳಚದಂತೆ ಹಿಡಿಯುವ, ಕೆಳಗೆ ರೋಲರ್ ಇದ್ದ ಭಾರೀ ಚೈನ್ ಗೈಡ್ ತೆಗೆದು, ಮೇಲ್ಭಾಗದ ಸಣ್ಣ ಗೈಡ್ ಮಾತ್ರ ಉಳಿಸಿದೆ. ಅಗಲ ಹಲ್ಲು, ಕಿರಿದು ಹಲ್ಲು ಒಂದಾದ ಮೇಲೊಂದು ಬರುವ ಮುಂದಿನ ರಿಂಗು ಮತ್ತು ಚೈನನ್ನು ಬಿಗಿಯಾಗಿಡುವ ಕ್ಲಚ್ ಇರುವ ಡಿರೇಲರ್ (ಗೇರು ಬದಲಿಸುವ ಭಾಗ) ಇದ್ದರೆ ಚೈನು ಅಷ್ಟು ಸುಲಭವಾಗಿ ಕಳಚುವುದಿಲ್ಲ. ಒಂದು ಎಚ್ಚರಿಕೆ: ಉದ್ದ ಸಸ್ಪೆನ್ಶನ್ ಇರುವ ಫ್ರೇಮಿನಲ್ಲಿ ಹಿಂದಿನ ಚಕ್ರ ಮೇಲೇರಿದಂತೆ ಚೈನಿಗೆ ಹೆಚ್ಚು ಉದ್ದ ಬೇಕಾಗುತ್ತದೆ. ಶಾಕಿನ ಸ್ಪ್ರಿಂಗ್ ಬಿಚ್ಚಿ, ಸಸ್ಪೆನ್ಶನ್ ಪೂರ್ತಿ ಒತ್ತಿ, ದೊಡ್ಡ ಗೇರಿನಲ್ಲಿ ಅಳೆದೇ ಚೈನು ಕತ್ತರಿಸಿದೆ. ಚೈನು ಗಿಡ್ಡವಾದರೆ ದೊಡ್ಡ ಜಿಗಿತದಲ್ಲಿ ಡಿರೇಲರೇ ಮುರಿಯುತ್ತದೆ.

ಸೀಟು ಹೆಚ್ಚು ಕಾಡಿತು. ಡೌನ್‌ಹಿಲ್ ಫ್ರೇಮಿನ ಸೀಟಿನ ಕೊಳವೆ ಗಿಡ್ಡ, ನಡುವೆ ಬಾಗಿರುತ್ತದೆ, ಹಿಂದಕ್ಕೂ ವಾಲಿರುತ್ತದೆ. ಸೀಟು ಎತ್ತರಿಸಿದಷ್ಟೂ ನಾವು ಹಿಂದಿನ ಚಕ್ರದ ಮೇಲೆ ಹೋಗಿ ಕೂರುತ್ತೇವೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಎದ್ದುಬಿಡುತ್ತದೆ. ಕೊಳವೆಯೊಳಗೆ ಅಳತೆಪಟ್ಟಿ ಇಳಿಸಿ ನೋಡಿದರೆ ಸೀಟು ಹೊರುವ ಪೋಸ್ಟಿಗೆ ಸಿಕ್ಕುವ ಜಾಗ 170 ಮಿಲಿಮೀಟರ್ ಅಷ್ಟೆ. ಸವಾರಿಯ ನಡುವೆಯೇ ಸೀಟನ್ನು ಏರಿಳಿಸಬಹುದಾದ, 125 ಮಿಲಿಮೀಟರ್ ಇಳಿಯುವ ಡ್ರಾಪರ್ ಪೋಸ್ಟ್ ಆರಿಸಿ, ಕೇಬಲ್ಲನ್ನು ಹೊರಗಿನಿಂದಲೇ ಎಳೆದೆ. ಕೇಬಲ್ ಒಳಗೆ ತೂರಿಸಲು ಫ್ರೇಮಿಗೆ ತೂತು ಕೊರೆಯುವವರನ್ನು ಕಂಡಿದ್ದೇನೆ, ಆ ಕೆಲಸ ಯಾರೂ ಮಾಡಬಾರದು. ಬಿರುಕು ಶುರುವಾಗುವುದೇ ಅಂಥ ತೂತಿನಿಂದ. ಸೀಟನ್ನು ಅದರಡಿಯ ಹಳಿಗಳ ಮೇಲೆ ಆದಷ್ಟು ಮುಂದಕ್ಕೆ ತಳ್ಳಿ, ಮೂತಿಯನ್ನು ತುಸು ತಗ್ಗಿಸಿದೆ. ಡ್ರಾಪರಿನಿಂದ ತೂಕ 370 ಗ್ರಾಂ ಏರಿತು, ಹಗುರವಾದ ಸೀಟು 70 ಗ್ರಾಂ ವಾಪಸ್ ಕೊಟ್ಟಿತು. ತೂಕ ಹೆಚ್ಚಿಸಿಯೂ ಏರನ್ನು ಇಷ್ಟು ಸುಲಭ ಮಾಡಿದ ಭಾಗ ಬೇರೊಂದಿಲ್ಲ. ಕಾಲು ಪೂರ್ತಿ ಚಾಚಿ ತುಳಿಯಲು ಬಂದದ್ದೇ ಆಗ.

ಫೋರ್ಕಿನ ಬಗ್ಗೆ ಬಹಳ ದಿನ ಹಿಂದೆಮುಂದೆ ನೋಡಿದೆ. ಹಳೆಯದು 3.1 ಕಿಲೋ. ಅದರ ಜಾಗಕ್ಕೆ ಒಂದೇ ಕ್ರೌನಿನ, 180 ಮಿಲಿಮೀಟರಿನ, ಗಾಳಿ ತುಂಬುವ 2.25 ಕಿಲೋ ಫೋರ್ಕ್ ತಂದೆ. ಕುಸಿತ ಕಡಿಮೆಯಾದರೂ ಆಕ್ಸಲ್ಲಿನಿಂದ (ಚಕ್ರದ ಅಚ್ಚಿನಿಂದ) ಕ್ರೌನಿನವರೆಗಿನ ಅಳತೆ ಇಳಿದದ್ದು ಹತ್ತು ಮಿಲಿಮೀಟರ್ ಮಾತ್ರ. ಇಪ್ಪತ್ತು ಮಿಲಿಮೀಟರ್ ಇಳಿದರೆ ಹೆಡ್ ಕೋನ, ಅಂದರೆ ಫೋರ್ಕ್ ವಾಲಿರುವ ಕೋನ, ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆಂಬುದು ಸಾಮಾನ್ಯ ಲೆಕ್ಕ. ನನಗೆ ಅರ್ಧ ಡಿಗ್ರಿ ಸಿಕ್ಕಿತು. 20 ಮಿಲಿಮೀಟರ್ ಆಕ್ಸಲ್ಲಿನದನ್ನೇ ಹುಡುಕಿದ್ದರಿಂದ ಚಕ್ರ ಬದಲಿಸಬೇಕಾಗಲಿಲ್ಲ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಮಾತ್ರ ಹೊಸತು ಬೇಕಾಯಿತು. ತೂಕಕ್ಕಿಂತ ಹೆಚ್ಚಾಗಿ ಖುಷಿ ಕೊಟ್ಟದ್ದು ಬೇರೆ: ಎರಡು ಕ್ರೌನಿನ ಫೋರ್ಕ್ ಹ್ಯಾಂಡಲ್ ತಿರುಗಿಸಿದಾಗ ಫ್ರೇಮಿಗೆ ತಾಗಿ ನಿಲ್ಲುತ್ತದೆ, ಏರಿನ ಕಿರಿದಾದ ತಿರುವುಗಳಲ್ಲಿ ನಾನು ಪ್ರತಿ ಸಲ ಕಾಲು ಊರುತ್ತಿದ್ದೆ. ಈಗ ಕೂತಲ್ಲೇ ತಿರುಗುತ್ತೇನೆ.

ಹಿಂದಿನ ಶಾಕ್ 241 ಮಿಲಿಮೀಟರ್ ಉದ್ದ, 76 ಮಿಲಿಮೀಟರ್ ಕುಸಿಯುವಂಥದ್ದು. ಅದೇ ಅಳತೆಯ ಗಾಳಿ ಶಾಕ್ ಹಾಕಿದಾಗ 480 ಗ್ರಾಂ ಹೋಯಿತು. ಅಳತೆ ಬದಲಿಸಿ ಗಿಡ್ಡದ್ದು ಹಾಕಿದರೆ ಪೆಡಲ್ ನೆಲಕ್ಕೆ ತಾಗುವಷ್ಟು ಸೈಕಲ್ ತಗ್ಗುತ್ತದೆ. ಆದರೆ ಮೊದಲ ವಾರ ಸವಾರಿ ಒರಟಾಯಿತು. ಹಿಂದಿನ ಚಕ್ರದ ಚಲನೆಯನ್ನು ಶಾಕಿಗೆ ಮುಟ್ಟಿಸುವ ನನ್ನ ಫ್ರೇಮಿನ ಲಿಂಕ್ ಕೊನೆಯಲ್ಲಿ ತಾನೇ ಬಿಗಿಯಾಗುವಂಥದ್ದು, ಗಾಳಿಯೂ ಕೊನೆಗೆ ಬಿಗಿಯಾಗುತ್ತದೆ, ಎರಡೂ ಕೂಡಿಕೊಂಡವು. ಶಾಕಿನೊಳಗೆ ಗಾಳಿಯ ಜಾಗವನ್ನು ಕಿರಿದಾಗಿಸುವ ಪ್ಲಾಸ್ಟಿಕ್ ಸ್ಪೇಸರುಗಳನ್ನೆಲ್ಲ ತೆಗೆದ ಮೇಲೆ ಸರಿಹೋಯಿತು. ಸವಾರ ಕೂತಾಗ ಶಾಕ್ ತಾನೇ ಇಳಿಯುವ ಪ್ರಮಾಣವನ್ನು ಮೊದಲು 25 ಮಿಲಿಮೀಟರಿಗೆ ಇಟ್ಟಿದ್ದೆ, ಈಗ 20. ತುಳಿಯುವಾಗ ತೂಗಾಡುವುದು ಎಷ್ಟೋ ಕಡಿಮೆ. ಶಾಕಿನ ಮೇಲೆ ಏರಿಗೆಂದೇ ಇರುವ ಸಣ್ಣ ಲಿವರ್ ಕೂಡ ನೆರವಾಗುತ್ತದೆ.

ಪೆಡಲುಗಳಲ್ಲಿ 140 ಗ್ರಾಂ ಇಳಿಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಬ್ರೇಕ್ ಮುಟ್ಟಲಿಲ್ಲ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, 203 ಮಿಲಿಮೀಟರ್ ಡಿಸ್ಕು ಹಾಗೇ ಇವೆ. ಹಿಂದಿನ ಡಿಸ್ಕನ್ನು ಚಿಕ್ಕದು ಮಾಡಿದರೆ ಕೆಲವೇ ಗ್ರಾಂ ಉಳಿಯುತ್ತದೆ, ಉದ್ದ ಇಳಿಜಾರಿನಲ್ಲಿ ಬಿಸಿ ಮಾತ್ರ ಏರುತ್ತದೆ. ರಿಮ್ಮುಗಳೂ ಹಳೆಯವೇ, ಬಂಡೆಗೆ ಬಡಿದು ಬಡಿದು ತಾಳಿವೆ.

ಕೊನೆಗೆ ತಕ್ಕಡಿ ತೋರಿಸಿದ್ದು 16 ಕಿಲೋ. ಟ್ರೇಲ್ ಸೈಕಲ್ಲಿಗೆ ಇದು ಇನ್ನೂ ಭಾರವೇ. ಆದರೆ ಮೊದಲು ನಾಲ್ಕು ಕಡೆ ಇಳಿದು ತಳ್ಳುತ್ತಿದ್ದ ಏರನ್ನು ಈಗ ಒಂದೇ ಒಂದು ಕಡೆ, ಸಡಿಲ ಕಲ್ಲುಗಳಿರುವ ತಿರುವಿನಲ್ಲಿ, ಇಳಿದು ದಾಟುತ್ತೇನೆ. ಹಳೆಯ ಫೋರ್ಕು, ಸ್ಪ್ರಿಂಗ್ ಶಾಕು, ಅಂಟು ಟಯರುಗಳನ್ನು ಮಾರಿಲ್ಲ. ಬೆಟ್ಟಕ್ಕೆ ವಾಹನದಲ್ಲಿ ಹೋಗುವ ದಿನ ಬಂದರೆ ಹಿಂದಿನ ರಾತ್ರಿ ಕೂತು ಅವನ್ನೇ ಮತ್ತೆ ಹಾಕುತ್ತೇನೆ. ಎರಡೂ ಜೋಡಣೆಗೆ ಬೇಕಾದ ಗಾಳಿಯ ಒತ್ತಡ, ಬೋಲ್ಟಿನ ಟಾರ್ಕು, ಸೀಟಿನ ಎತ್ತರ ಎಲ್ಲವೂ ಅದೇ ತೂಕದ ಪುಸ್ತಕದ ಕೊನೆಯ ಪುಟಗಳಲ್ಲಿವೆ.